ಹಳೆಯ ಫಿಯೆಟ್ ಎಳೆಯದಿದ್ದಾಗ ಎಲ್ಲಿಂದ ನೋಡಬೇಕು

ಪ್ರೀಮಿಯರ್ ಆಟೋಮೊಬೈಲ್ಸ್ 1964ರಿಂದ ತಯಾರಿಸಿದ ಫಿಯೆಟ್ 1100 ಡಿಲೈಟ್, ಮತ್ತು ಅದೇ ಕಾರು ಹೆಸರು ಬದಲಿಸಿಕೊಂಡು ಬಂದ ಪದ್ಮಿನಿ, ಎರಡರಲ್ಲೂ ಇರುವುದು 1089 ಸಿಸಿಯ ಸರಳವಾದ ನಾಲ್ಕು ಸಿಲಿಂಡರ್ ಎಂಜಿನ್. ಗಾಡಿ ಎಳೆಯುತ್ತಿಲ್ಲ, ಜರ್ಕ್ ಹೊಡೆಯುತ್ತಿದೆ, ಪೆಟ್ರೋಲ್ ವಿಪರೀತ ಕುಡಿಯುತ್ತಿದೆ ಎಂದೊಡನೆ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿ ತೊಳೆಯುವುದು ನಮ್ಮಲ್ಲಿ ರೂಢಿಯಾಗಿದೆ. ನನ್ನ ದೃಢವಾದ ಅಭಿಪ್ರಾಯದಲ್ಲಿ ಅದು ಕಟ್ಟಕಡೆಗೆ ಮಾಡಬೇಕಾದ ಕೆಲಸ, ಏಕೆಂದರೆ ಇಂಧನದ ದೋಷವೆಂದು ತೋರುವ ಎಷ್ಟೋ ತೊಂದರೆಗಳ ಮೂಲ ಅದನ್ನು ಹೊತ್ತಿಸುವ ಪ್ಲಗ್‌ನ ಕಿಡಿಯಲ್ಲಿರುತ್ತದೆ.

ಆದ್ದರಿಂದ ಮೊದಲು ನಾಲ್ಕೂ ಪ್ಲಗ್‌ಗಳನ್ನು ತೆಗೆದು, ಯಾವುದು ಯಾವ ಸಿಲಿಂಡರಿನದೆಂಬುದು ಮರೆಯದಂತೆ ಸಾಲಾಗಿ ಇಡಿ. ಒಣ ಮಸಿ ಹಿಡಿದಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿದೆ, ಸುಣ್ಣದಂತೆ ಬೆಳ್ಳಗಿದ್ದರೆ ಕಡಿಮೆಯಾಗಿದೆ, ಜಿಡ್ಡುಜಿಡ್ಡಾಗಿ ಒದ್ದೆಯಾಗಿದ್ದರೆ ಎಂಜಿನ್ ಆಯಿಲ್ ಮೇಲೇರುತ್ತಿದೆ ಎಂದು ತಿಳಿಯಬಹುದು. ಒಂದೇ ಪ್ಲಗ್ ಬೇರೆ ಬಣ್ಣದಲ್ಲಿದ್ದರೆ ದೋಷ ಆ ಸಿಲಿಂಡರಿನದು. ಇರುವ ಒಂದೇ ಕಾರ್ಬ್ಯುರೇಟರನ್ನು ಅದಕ್ಕಾಗಿ ದೂರುವಂತಿಲ್ಲ. ಪ್ಲಗ್‌ನ ಅಂತರ ಸುಮಾರು 0.6 ಮಿ.ಮೀ., ಕಿಡಿಯನ್ನು ಪ್ಲಗ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟ್‌ನ ಅಂತರ ಸುಮಾರು 0.4 ಮಿ.ಮೀ. ಇದೆಯೇ ಎಂದು ತೆಳು ತಗಡುಗಳ ಫೀಲರ್ ಗೇಜ್‌ನಿಂದ ಅಳೆಯಿರಿ. ಪಾಯಿಂಟ್‌ನ ಮುಖ ನೀಲಿಗಟ್ಟಿ ಸುಟ್ಟಂತಿದ್ದರೆ, ಅದು ಸುಡದಂತೆ ಕಾಯುವ ಕಂಡೆನ್ಸರ್ ಬದಲಿಸಿ. ವೈರುಗಳನ್ನು ಮರಳಿ ಜೋಡಿಸುವಾಗ ಸಿಲಿಂಡರುಗಳಲ್ಲಿ ಕಿಡಿ ಹಾರುವ 1-3-4-2 ಎಂಬ ಕ್ರಮ ತಪ್ಪಬಾರದು.

ಕಿಡಿ ಸರಿಯಾಗಿದ್ದರೆ ಪೆಟ್ರೋಲ್ ಹರಿಯುವ ದಾರಿಯಲ್ಲೇ, ಟ್ಯಾಂಕಿನಿಂದ ಮುಂದಕ್ಕೆ ಬನ್ನಿ. ಈ ಕೆಲಸವನ್ನು ಬಯಲಿನಲ್ಲಿ, ತಣ್ಣಗಿರುವ ಎಂಜಿನ್‌ನ ಮೇಲೆ, ಬೆಂಕಿ ಆರಿಸುವ ಸಿಲಿಂಡರನ್ನು ಕೈಗೆಟಕುವಂತೆ ಇಟ್ಟುಕೊಂಡೇ ಮಾಡಬೇಕು. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡುವ ಸಣ್ಣ ರಂಧ್ರವಿದ್ದು, ಅದು ಮುಚ್ಚಿಹೋದರೆ ಒಳಗೆ ನಿರ್ವಾತ ಉಂಟಾಗಿ ಪೆಟ್ರೋಲ್ ಬರುವುದು ನಿಲ್ಲುತ್ತದೆ. ಒಮ್ಮೆ ಶಿರಾಡಿ ಘಾಟಿಯಲ್ಲಿ ನನ್ನ ಗಾಡಿ ಹತ್ತು ನಿಮಿಷಕ್ಕೊಮ್ಮೆ ನಿಲ್ಲುತ್ತಾ ಬಂತು. ಮೂರನೆಯ ಸಲ ಮುಚ್ಚಳ ತೆರೆದಾಗ ಗಾಳಿ ಒಳನುಗ್ಗಿದ ಸದ್ದು ಕೇಳಿತು. ಹಿಂದಿನ ವಾರ ಹಾಕಿಸಿದ್ದ ಹೊಸ ಮುಚ್ಚಳದಲ್ಲಿ ರಂಧ್ರವೇ ಇರಲಿಲ್ಲ.

ನಂತರ ಕಾರ್ಬ್ಯುರೇಟರಿಗೆ ಬರುವ ಪೈಪನ್ನು ಕಳಚಿ ಗಾಜಿನ ಬಾಟಲಿಗೆ ಬಿಡಿ. ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್‌ನ ವೈರನ್ನು ಬಿಚ್ಚಿ ಕಾರಿನ ಲೋಹದ ಮೈಗೆ ತಾಗಿಸಿಟ್ಟು ಸ್ಟಾರ್ಟರ್ ತಿರುಗಿಸಿದಾಗ ಪೆಟ್ರೋಲ್ ಬಿಟ್ಟುಬಿಟ್ಟು ಜೋರಾಗಿ ಚಿಮ್ಮಬೇಕು. ಗುಳ್ಳೆ ಬಂದರೆ ಪಂಪ್‌ಗಿಂತ ಹಿಂದೆ ಎಲ್ಲೋ ಪೈಪು ಗಾಳಿ ಎಳೆಯುತ್ತಿದೆ. ಬಾಟಲಿಯ ತಳದಲ್ಲಿ ಕೆಂಪು ಪುಡಿ ಕುಳಿತರೆ ಟ್ಯಾಂಕ್ ಒಳಗೆ ತುಕ್ಕು ಹಿಡಿದಿದೆ. ಆಯಿಲ್ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡುವುದನ್ನೂ ಮರೆಯಬೇಡಿ. ಪಂಪ್‌ನ ಡಯಾಫ್ರಾಮ್ ಎಂಬ ಪೊರೆ ಹರಿದರೆ ಪೆಟ್ರೋಲ್ ಆಯಿಲ್‌ಗೆ ಸೇರಿ ಅದರ ಮಟ್ಟ ಏರುತ್ತದೆ, ಬೇರಿಂಗ್‌ಗಳು ಹಾಳಾಗುತ್ತವೆ. ಅಂಥ ಗಾಡಿಯನ್ನು ಮನೆಯವರೆಗೂ ಓಡಿಸಬಾರದು.

ಬಿಸಿಯಾದಾಗ ನಿಂತು, ಅರ್ಧ ಗಂಟೆ ತಣ್ಣಗಾದ ಮೇಲೆ ಏನೂ ಆಗದಂತೆ ಸ್ಟಾರ್ಟ್ ಆಗುವ ಗಾಡಿಯ ವಿಷಯದಲ್ಲಿ ಹೆಚ್ಚಿನ ತಾಳ್ಮೆ ಬೇಕು. ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ಕಟ್ಟಿಕೊಳ್ಳುವುದೂ, ಅಂದರೆ ಮೆಕ್ಯಾನಿಕ್‌ಗಳು ಏರ್ ಲಾಕ್ ಎನ್ನುವುದೂ, ಬಿಸಿಗೆ ಸೋಲುವ ಕಾಯಿಲ್ ಅಥವಾ ಕಂಡೆನ್ಸರೂ ತೋರುವ ಲಕ್ಷಣ ಒಂದೇ. ಗಾಡಿ ನಿಂತ ಕ್ಷಣದಲ್ಲೇ, ತಣ್ಣಗಾಗಲು ಬಿಡದೆ, ಪೆಟ್ರೋಲ್ ಪೈಪನ್ನೇನೂ ಬಿಚ್ಚದೆ ಪ್ಲಗ್ ವೈರಿನ ತುದಿಗೆ ಒಂದು ಬಿಡಿ ಪ್ಲಗ್ ಸಿಕ್ಕಿಸಿ ಕಿಡಿ ನೋಡಿದರೆ ಮಾತ್ರ ಇವೆರಡರ ವ್ಯತ್ಯಾಸ ತಿಳಿಯುತ್ತದೆ. ಕಿಡಿ ಗಟ್ಟಿಯಾಗಿ ನೀಲಿಯಾಗಿದ್ದರೆ ದೋಷ ಇಂಧನದ್ದು. ಆಗ ಪೈಪನ್ನು ಎಕ್ಸಾಸ್ಟ್‌ನಿಂದ ದೂರ ಸರಿಸುವುದು ಶಾಶ್ವತ ಪರಿಹಾರ, ಪಂಪ್‌ಗೆ ಒದ್ದೆ ಬಟ್ಟೆ ಸುತ್ತುವುದು ಮನೆ ಸೇರುವ ಉಪಾಯ.

ಇಂದಿನ ಪೆಟ್ರೋಲ್ ಈ ಎಂಜಿನ್ ಕಂಡಿದ್ದ ಪೆಟ್ರೋಲ್ ಅಲ್ಲ ಎಂಬುದನ್ನೂ ಗಮನಿಸಬೇಕು. ಶೇ. 20ರಷ್ಟು ಎಥೆನಾಲ್ ಬೆರೆತ ಇಂಧನದ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಎಥೆನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಉರಿಯಲು ಅದಕ್ಕೆ ಬೇಕಾಗುವ ಗಾಳಿ ಕಡಿಮೆಯಾದ್ದರಿಂದ ಕಾರ್ಬ್ಯುರೇಟರಿನ ಹಳೆಯ ಜೆಟ್‌ನಲ್ಲಿ, ಅಂದರೆ ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ತುಂಡಿನಲ್ಲಿ, ಮಿಶ್ರಣ ತೆಳುವಾಗುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಎಥೆನಾಲ್ ತೇವ ಹೀರಿ, ನೀರಿನೊಂದಿಗೆ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಹೋಸ್ ಮತ್ತು ಡಯಾಫ್ರಾಮನ್ನು ಎಥೆನಾಲ್ ತಾಳುವ ರಬ್ಬರಿನವುಗಳಿಗೆ ಬದಲಿಸಿ, ಬಹುಕಾಲ ನಿಲ್ಲಿಸುವ ಗಾಡಿಯ ಟ್ಯಾಂಕನ್ನು ಬರಿದು ಮಾಡಿಡಿ.

ಇಷ್ಟೆಲ್ಲ ಆದ ಮೇಲೆ ಕಾರ್ಬ್ಯುರೇಟರ್. ಚೋಕ್ ಎಳೆದರೆ ಮಾತ್ರ ಓಡಿ, ಐಡ್ಲಿಂಗ್‌ನಲ್ಲಿ ಆರುವ ಗಾಡಿಯಲ್ಲಿ ಐಡ್ಲಿಂಗ್ ಜೆಟ್ ಕಟ್ಟಿರಬಹುದು, ಅಥವಾ ಮ್ಯಾನಿಫೋಲ್ಡ್‌ನ ಗ್ಯಾಸ್ಕೆಟ್ ಗಾಳಿ ಎಳೆಯುತ್ತಿರಬಹುದು. ಗ್ಯಾಸ್ಕೆಟ್‌ನ ಅಂಚಿಗೆ ಸೋಪಿನ ನೀರು ಸವರಿದಾಗ ಎಂಜಿನ್‌ನ ಸದ್ದು ಬದಲಾದರೆ ಎರಡನೆಯದೇ ನಿಜ. ಆಕ್ಸಿಲರೇಟರ್ ಒತ್ತಿದಾಗ ಒಂದು ಕ್ಷಣ ಮುಗ್ಗರಿಸಿದರೆ, ಎಂಜಿನ್ ನಿಲ್ಲಿಸಿ, ಏರ್ ಕ್ಲೀನರ್ ತೆಗೆದು, ಥ್ರಾಟಲ್ ತಿರುಗಿಸುವಾಗ ಪೆಟ್ರೋಲ್ ಸಣ್ಣ ಧಾರೆಯಾಗಿ ಚಿಮ್ಮುತ್ತದೆಯೇ ನೋಡಿ. ಜೆಟ್‌ಗೆ ತಂತಿ ತೂರಿಸಬೇಡಿ; ಹಿತ್ತಾಳೆಯ ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಮಿಶ್ರಣ ಕೆಡುತ್ತದೆ. ಗಾಳಿ ಊದಿದರೆ ಸಾಕು. ಮಂಗಳೂರಿನಲ್ಲಿ ಟ್ಯೂನ್ ಮಾಡಿಸಿದ ಗಾಡಿ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ತೆಳುಗಾಳಿಯಲ್ಲಿ ತುಸು ಹೆಚ್ಚು ಪೆಟ್ರೋಲ್ ಕುಡಿಯುವುದು ಸಹಜ.

ಆಗಲೂ ಎಳೆಯದಿದ್ದರೆ, ಓಡಿಸಿ ಬಂದ ಕೂಡಲೇ ನಾಲ್ಕೂ ಚಕ್ರಗಳ ಬಳಿ ಕೈ ಒಡ್ಡಿ ನೋಡಿ, ಒಂದು ಮಾತ್ರ ಬಿಸಿಯಾಗಿದ್ದರೆ ಅದರ ಬ್ರೇಕ್ ಹಿಡಿದುಕೊಂಡಿದೆ. ಕೊನೆಯದಾಗಿ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆಯಿಸಿ. 2000ದಲ್ಲಿ ಸೀಸದ ಪೆಟ್ರೋಲ್ ದೇಶದಾದ್ಯಂತ ನಿಂತ ಮೇಲೆ ಹಳೆಯ ವಾಲ್ವ್ ಸೀಟುಗಳು ಬೇಗ ಸವೆಯುತ್ತವೆ, ವಾಲ್ವ್ ಒಳಗಿಳಿದಂತೆ ಅದಕ್ಕೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಟ್ಯಾಪೆಟ್ ಅಂತರ ಇಲ್ಲವಾಗುತ್ತದೆ. ಅಂತರ ಸರಿಪಡಿಸಿದ ಮೇಲೂ ಒಂದು ಸಿಲಿಂಡರಿನ ಒತ್ತಡ ಉಳಿದವುಗಳಿಗಿಂತ ಬಹಳ ಕಡಿಮೆಯಿದ್ದು, ಪ್ಲಗ್ ರಂಧ್ರದಲ್ಲಿ ಒಂದು ಚಮಚ ಎಂಜಿನ್ ಆಯಿಲ್ ಸುರಿದಾಗ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ಹೆಡ್ ಬಿಚ್ಚಿಸಿ ವಾಲ್ವ್ ನೋಡಿಸಬೇಕು.