ಯೊಕೊಹಾಮಾದಲ್ಲಿ ರೇಷ್ಮೆ ಹುಡುಕಿಕೊಂಡು ಒಂದು ದಿನ

ಕೆಲಸದ ಮೇಲೆ ಟೋಕಿಯೊಗೆ ಹೋಗಿದ್ದಾಗ ಒಂದು ಭಾನುವಾರ ಬಿಡುವು ಸಿಕ್ಕಿತು. ನಮ್ಮದು ಶಿಡ್ಲಘಟ್ಟದ ಕಡೆ ಹುಳು ಸಾಕುವ ಮನೆ. ಯೊಕೊಹಾಮಾ ಬಂದರು ಬೆಳೆದದ್ದೇ ಕಚ್ಚಾ ರೇಷ್ಮೆಯ ವ್ಯಾಪಾರದಿಂದ. ಹಾಗಾಗಿ ಬೇರೆ ಊರಿನ ಯೋಚನೆಯೇ ಬರಲಿಲ್ಲ.

ಶಿಬುಯಾದಲ್ಲಿ ರೈಲು ಹತ್ತಿದರೆ ಎಲ್ಲೂ ಬದಲಿಸದೆ ಸುಮಾರು 40 ನಿಮಿಷಕ್ಕೆ ನಿಹೊನ್-ಓದೋರಿ ಸ್ಟೇಷನ್. ಅಲ್ಲಿಂದ ಸಿಲ್ಕ್ ಮ್ಯೂಸಿಯಂಗೆ ನಡೆದೇ ಹೋದೆ. 1859ರಲ್ಲಿ ಬಂದರು ತೆರೆದಾಗ ಜಾರ್ಡಿನ್ ಮ್ಯಾಥೆಸನ್ ಕಂಪನಿ ಮನೆ ಕಟ್ಟಿಕೊಂಡಿದ್ದ ಜಾಗ ಅದು. ನೂರು ವರ್ಷ ತುಂಬಿದಾಗ ಅಲ್ಲೇ ಮ್ಯೂಸಿಯಂ ಮಾಡಿದರು. ಕಿಮೋನೊಗಳು ಚೆನ್ನಾಗಿದ್ದವು, ಆದರೆ ನಾನು ನಿಂತುಬಿಟ್ಟದ್ದು ಜೀವಂತ ಹುಳುಗಳ ಮುಂದೆ. ಜ್ವರ ಎದ್ದು, ಅಂದರೆ ಪೊರೆ ಬಿಡುವ ನಿದ್ದೆ ಮುಗಿಸಿ, ಗಬಗಬ ಸೊಪ್ಪು ತಿನ್ನುತ್ತಿದ್ದವು. ಪಕ್ಕದಲ್ಲಿ ಬೆಳ್ಳಗಿನ ಗೂಡುಗಳು. ಜೆಮ್ಶೆಡ್‌ಜಿ ಟಾಟಾ ಜಪಾನಿನವರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ಫಾರ್ಮ್ ಮಾಡಿಸಿದ್ದು ನೆನಪಾಯಿತು. ಬಸವನಗುಡಿ ಹತ್ತಿರ ಆ ಹೆಸರು ಇವತ್ತಿಗೂ ಉಳಿದಿದೆ.

ಎದುರಿಗೇ ಯಮಾಶಿತಾ ಪಾರ್ಕ್. 1923ರ ಭೂಕಂಪದಲ್ಲಿ ಬಿದ್ದ ಮನೆಗಳ ಅವಶೇಷವನ್ನು ಸಮುದ್ರಕ್ಕೆ ತುಂಬಿ ಮಾಡಿದ ಪಾರ್ಕ್ ಇದು. ಮೂಲೆಯಲ್ಲಿ ಗುಮ್ಮಟದ ಒಂದು ಪುಟ್ಟ ಮಂಟಪ ಇದೆ, ತಪ್ಪಿಸಿಕೊಳ್ಳಬೇಡಿ. ಭೂಕಂಪದಲ್ಲಿ ಸಹಾಯ ಮಾಡಿದ ಊರಿನವರಿಗೆ ಕೃತಜ್ಞತೆಯಾಗಿ, ಸತ್ತ ತಮ್ಮವರ ನೆನಪಿಗಾಗಿ, ಅಲ್ಲಿದ್ದ ಭಾರತೀಯ ವ್ಯಾಪಾರಿಗಳು 1939ರಲ್ಲಿ ಕಟ್ಟಿಸಿದ ನೀರಿನ ಮಂಟಪ. ತಲೆ ಎತ್ತಿ ಒಳಗಿನ ಬಣ್ಣದ ಚೂರುಗಳ ಕೆಲಸ ನೋಡಿ. ನನಗೆ ಕಣ್ಣು ತುಂಬಿ ಬಂತು.

ದಡದಲ್ಲಿ ನಿಂತಿರುವ ಹಿಕಾವಾ ಮಾರು ಹಡಗು 1930ರಿಂದ ಸಿಯಾಟಲ್‌ಗೆ ಓಡಾಡುತ್ತಿತ್ತು. ರೇಷ್ಮೆ ಇಡಲು ಅದರಲ್ಲಿ ಬೇರೆ ಕೋಣೆಯೇ ಇತ್ತು. ಚೈನಾಟೌನ್‌ನಲ್ಲಿ ಸಸ್ಯಾಹಾರ ಹುಡುಕುತ್ತಾ ಸುಮ್ನೆ ಒಂದು ಗಂಟೆ ಹೋಯಿತು. ಕೊನೆಗೆ ಉಪ್ಪಿನಲ್ಲಿ ಹಾಕಿದ ಉಮೆ ಹಣ್ಣಿನ ಅನ್ನದ ಉಂಡೆ ಕೊಂಡು ಪಾರ್ಕಿನಲ್ಲೇ ತಿಂದೆ.

ಆ ಒಂದು ಗಂಟೆಯಿಂದ ಸಂಕೇಯೆನ್ ತೋಟಕ್ಕೆ ತಡವಾಯಿತು. ಅದು ಬಸ್ಸಿನಲ್ಲಿ ಹೋಗುವಷ್ಟು ದೂರ, ಸಂಜೆ 5ಕ್ಕೆ ಮುಚ್ಚುತ್ತದೆ. ರೇಷ್ಮೆ ವ್ಯಾಪಾರಿ ಹಾರಾ ತೊಮಿತಾರೊ ಮಾಡಿಸಿದ ತೋಟ. 1916ರಲ್ಲಿ ಟಾಗೋರರು ಉಳಿದುಕೊಂಡದ್ದು ಇಲ್ಲೇ. ಕ್ಯೋಟೊ ಕಡೆಯಿಂದ ತಂದು ನಿಲ್ಲಿಸಿದ ಮೂರಂತಸ್ತಿನ ಪಗೋಡಾವನ್ನು ಕೆರೆಯ ಈಚೆಯಿಂದ ನೋಡುವಷ್ಟರಲ್ಲಿ ಗಂಟೆಯಾಯಿತು. ನೀವು ಹೋದರೆ ಬೆಳಿಗ್ಗೆ ಮೊದಲು ಇಲ್ಲಿಗೇ ಬನ್ನಿ, ಆಮೇಲೆ ಬಂದರು. ಸೋಮವಾರ ಮಾತ್ರ ಬೇಡ, ಮ್ಯೂಸಿಯಂ ರಜಾ.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹುಳು ನೋಡಿದೆ ಅಂದೆ. "ಸೊಪ್ಪು ಹೆಂಗಿತ್ತು, ಬಾಡಿರ್ಲಿಲ್ಲ ತಾನೇ?" ಅಂದರು.