ಉಪ್ಪಿನ ಸಾಂದ್ರತೆ: ಗುಳ್ಳೆ ಬಿಡಿಸುವುದೇ ದೊಡ್ಡ ಕೆಲಸ

ಪುಡಿಯನ್ನು ಅಳತೆ ಜಾಡಿಗೆ ಸುರಿದು ಅದರ ಸಾಂದ್ರತೆ ಹೇಳಲು ಬರುವುದಿಲ್ಲ. ಕಣಗಳ ನಡುವಿನ ಗಾಳಿಯೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಅಡುಗೆ ಉಪ್ಪನ್ನು ಹಾಗೆ ಅಳೆದರೆ 1.2ರ ಆಸುಪಾಸು ಬರುತ್ತದೆ. ನಿಜವಾದದ್ದು ಸಿಸಿಗೆ 2.165 ಗ್ರಾಂ. ಅದಕ್ಕೇ ನಾನು 25 ಮಿ.ಲೀ. ಡೆನ್ಸಿಟಿ ಬಾಟಲ್ (ಬಿರಡೆಯಲ್ಲಿ ಸಣ್ಣ ತೂತಿದ್ದು, ಪ್ರತಿ ಸಲವೂ ಅಷ್ಟೇ ದ್ರವ ಹಿಡಿಯುವ ಗಾಜಿನ ಬಾಟಲ್) ಹಿಡಿಯುತ್ತೇನೆ. ಉಪ್ಪು ನೀರಲ್ಲಿ ಕರಗುತ್ತದಲ್ವಾ, ಹಾಗಾಗಿ ತುಂಬಿಸುವುದು ಸೀಮೆಎಣ್ಣೆ.

ಮೊದಲು ಉಪ್ಪನ್ನು ನುಣ್ಣಗೆ ಅರೆಯುತ್ತೇನೆ. ದಪ್ಪ ಹರಳಿನೊಳಗೆ ಉಪ್ಪುನೀರು ಸಿಕ್ಕಿಕೊಂಡಿರುತ್ತದೆ. ಆಮೇಲೆ 110 ಡಿಗ್ರಿ ಓವನ್‌ನಲ್ಲಿ ಒಣಗಿಸಿ, ತೇವ ತಾಗದಂತೆ ಮುಚ್ಚಿಡುವ ಪಾತ್ರೆಯಾದ ಡೆಸಿಕೇಟರ್‌ನಲ್ಲಿ ಆರಲು ಬಿಡುತ್ತೇನೆ. ತೂಕಗಳು ನಾಲ್ಕು: ಖಾಲಿ ಬಾಟಲ್, ಉಪ್ಪು ಹಾಕಿದ್ದು, ಉಪ್ಪಿನ ಮೇಲೆ ಸೀಮೆಎಣ್ಣೆ ತುಂಬಿದ್ದು, ಬರೀ ಸೀಮೆಎಣ್ಣೆ ತುಂಬಿದ್ದು. ಸೀಮೆಎಣ್ಣೆಯ ಸಾಂದ್ರತೆಯನ್ನು ಪುಸ್ತಕದಿಂದ ತೆಗೆದುಕೊಳ್ಳುವುದಿಲ್ಲ. ಅದು ಡಬ್ಬದಿಂದ ಡಬ್ಬಕ್ಕೆ ಬೇರೆ. ಅದೇ ಬಾಟಲಿಗೆ ಡಿಸ್ಟಿಲ್ಡ್ ವಾಟರ್ ತುಂಬಿ ತೂಗಿ, ಹೋಲಿಸಿ ಕಂಡುಕೊಳ್ಳುತ್ತೇನೆ.

ನಿಜವಾದ ಕೆಲಸ ಇರುವುದು ಮೂರನೇ ತೂಕದಲ್ಲಿ. ಒಂದೇ ಸಲ ತುಂಬಿಸಬಾರದು. ಉಪ್ಪು ಮುಳುಗುವಷ್ಟು ಸೀಮೆಎಣ್ಣೆ ಹಾಕಿ, ಬಾಟಲನ್ನು ಮೆಲ್ಲಗೆ ತಿರುಗಿಸಿ, ಅಂಗೈಗೆ ತಟ್ಟುತ್ತೇನೆ. ಬುಡದಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಮೇಲೇಳುತ್ತವೆ. ಅವು ನಿಂತವು ಅನ್ನಿಸಿದ ಮೇಲೂ ಬಾಟಲನ್ನು ಪಂಪಿನಿಂದ ಗಾಳಿ ಎಳೆದು ತೆಗೆಯುವ ವ್ಯಾಕ್ಯೂಮ್ ಡೆಸಿಕೇಟರ್‌ನಲ್ಲಿ ಇಡಿ, ಇನ್ನಷ್ಟು ಬರುತ್ತವೆ! ಪಂಪನ್ನು ನಿಧಾನವಾಗಿ ತೆರೆಯಬೇಕು, ಜೋರು ಮಾಡಿದರೆ ಪುಡಿ ಕತ್ತಿನವರೆಗೆ ಚಿಮ್ಮುತ್ತದೆ. ಇಷ್ಟೆಲ್ಲ ಯಾಕೆ ಅಂದರೆ, 8 ಗ್ರಾಂ ಉಪ್ಪಿನ ಗಾತ್ರವೇ 3.7 ಮಿ.ಲೀ. ಅದರಲ್ಲಿ 0.1 ಮಿ.ಲೀ. ಗಾಳಿ ಉಳಿದರೂ ಉತ್ತರ 2.11ಕ್ಕೆ ಇಳಿಯುತ್ತದೆ.

ಬಿಸಿಯ ಕಾಟವೂ ಇದೆ. ಸೀಮೆಎಣ್ಣೆ ಬೇಗ ಹಿಗ್ಗುತ್ತದೆ. ಒಂದು ಡಿಗ್ರಿ ಏರಿದರೆ 25 ಮಿ.ಲೀ.ಗೆ ಸುಮಾರು 0.024 ಮಿ.ಲೀ. ಜಾಸ್ತಿಯಾಗಿ, ಬಿರಡೆಯ ತೂತಿನಿಂದ ಹೊರಬರುತ್ತದೆ. ಅದಕ್ಕೇ ಬಾಟಲನ್ನು ನೀರಿನ ತೊಟ್ಟಿಯಲ್ಲಿಟ್ಟು ಒಂದೇ ಉಷ್ಣತೆಗೆ ತಂದು, ಒರೆಸಿ, ಕತ್ತು ಹಿಡಿದು ಬ್ಯಾಲೆನ್ಸ್ ಮೇಲೆ ಇಡುತ್ತೇನೆ. ಹತ್ತಿರ ಬರ್ನರ್ ಉರಿಯುತ್ತಿರಬಾರದು.

ಲೆಕ್ಕ ಸುಲಭ. ಉಪ್ಪು ಜಾಗ ಹಿಡಿದದ್ದರಿಂದ ಎಷ್ಟು ಗ್ರಾಂ ಸೀಮೆಎಣ್ಣೆ ಕಡಿಮೆ ಹಿಡಿಯಿತು ನೋಡಿ, ಅದನ್ನು ಸೀಮೆಎಣ್ಣೆಯ ಸಾಂದ್ರತೆಯಿಂದ ಭಾಗಿಸಿ. ಅದೇ ಉಪ್ಪಿನ ಗಾತ್ರ. ಉಪ್ಪಿನ ತೂಕವನ್ನು ಅದರಿಂದ ಭಾಗಿಸಿದರೆ ಆಯ್ತು.

ಮೈಲುತುತ್ತಕ್ಕೂ ಇದೇ ವಿಧಾನ ಸಾಕು. ಆದರೆ ಅದನ್ನು ಓವನ್‌ಗೆ ಇಡಬೇಡಿ. ಹರಳಿನ ನೀರು ಹಾರಿ ನೀಲಿ ಬಣ್ಣ ಪೇಲವವಾಗುತ್ತದೆ, ಆಗ ನೀವು ಅಳೆಯುವುದು ಬೇರೆಯದೇ ವಸ್ತು. ಬ್ಲಾಟಿಂಗ್ ಪೇಪರ್ ನಡುವೆ ಒತ್ತಿ ಒಣಗಿಸಿ.