ಬಣ್ಣ ಕೆಟ್ಟ ಸ್ಲೈಡು, ಹಿಂದುಳಿದ ಕೋಶಕೇಂದ್ರ

ಜೀವಕೋಶವೊಂದು ಒಡೆದು ಎರಡಾಗುವುದು ಬೇರೆ, ಅದು ಬಲಿತು ತನ್ನ ಕೆಲಸಕ್ಕೆ ಸಿದ್ಧವಾಗುವುದು ಬೇರೆ ಎಂಬುದನ್ನು ಓದುವ ದಿನಗಳಲ್ಲೇ ಬಾಯಿಪಾಠ ಮಾಡಿದ್ದೆ. ದಾವಣಗೆರೆಯ ಪ್ರಯೋಗಾಲಯವೊಂದರಲ್ಲಿ ತಂತ್ರಜ್ಞನಾಗಿ ಸೇರಿ ಕೆಲವು ವರ್ಷ ಕಳೆದ ಮೇಲೆ, ಜಗಳೂರು ಕಡೆಯಿಂದ ಬಂದ ವೃದ್ಧರೊಬ್ಬರ ಅಸ್ಥಿಮಜ್ಜೆಯನ್ನು ನೋಡಿದಾಗಲೇ ಅದು ನನಗೆ ನಿಜವಾಗಿ ತಿಳಿದದ್ದು.

ಅವರ ರಕ್ತದಲ್ಲಿ ಕೆಂಪು ಕಣ, ಬಿಳಿ ಕಣ, ಕಿರುಬಿಲ್ಲೆ ಮೂರೂ ಕಡಿಮೆಯಿದ್ದುದರಿಂದ, ರಕ್ತದ ಕ್ಯಾನ್ಸರ್ ಇರಬಹುದೇ ಎಂಬ ಶಂಕೆಯಿಂದ ವೈದ್ಯರು ಸೊಂಟದ ಮೂಳೆಯ ಹಿಂಬದಿಯಿಂದ ಮಜ್ಜೆ ತೆಗೆಯಲು ನಿರ್ಧರಿಸಿದ್ದರು. ಮೊದಲ ಎಳೆತಕ್ಕೆ ಕಾಲು ಮಿಲಿಲೀಟರ್ ಸಾಕು; ಹೆಚ್ಚು ಎಳೆದರೆ ರಕ್ತ ಬೆರೆತು ಮಜ್ಜೆ ತೆಳುವಾಗುತ್ತದೆ. ಓರೆಯಾಗಿ ಹಿಡಿದ ಸ್ಲೈಡಿನ ಮೇಲೆ ಹನಿ ಬಿಟ್ಟರೆ ರಕ್ತ ಕೆಳಕ್ಕೆ ಜಾರಿ, ರವೆಯಂಥ ಮಸುಕು ಬಿಳುಪಿನ ಕಾಳುಗಳು ಮೇಲೆ ಉಳಿಯುತ್ತವೆ. ಹೆಪ್ಪುಗಟ್ಟುವ ಮುನ್ನ ಆ ಕಾಳುಗಳನ್ನು ಬೇರೆ ಸ್ಲೈಡುಗಳಿಗೆ ಎತ್ತಿ ಹರಡಬೇಕು.

"ಮೂಳೆಯೊಳಗೂ ರಕ್ತ ಇರ್ತದೇನಪ್ಪಾ?" ಎಂದು ಮಗ್ಗುಲಾಗಿ ಮಲಗಿದ್ದ ಹಿರಿಯರು ಕೇಳಿದರು.

"ರಕ್ತ ಹುಟ್ಟೋದೇ ಅಲ್ಲಿ, ಯಜಮಾನ್ರೇ" ಎಂದೆ.

ಹುಟ್ಟುವ ಬಗೆ ಹೀಗೆ. ಎಲ್ಲ ರಕ್ತಕಣಗಳಿಗೂ ಮೂಲವಾದ ಆಕರ ಕೋಶಗಳು ಮಜ್ಜೆಯಲ್ಲಿ ಅತಿ ವಿರಳ, ಮತ್ತು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಅವನ್ನು ಇಂಥದೇ ಎಂದು ಬೆರಳಿಟ್ಟು ತೋರಿಸಲಾಗದು. ಟೊರಾಂಟೊದ ವಿಜ್ಞಾನಿಗಳಾದ ಟಿಲ್ ಮತ್ತು ಮೆಕಲಕ್ 1961ರಲ್ಲಿ ಅವುಗಳ ಇರವನ್ನು ಕಂಡುಕೊಂಡದ್ದೂ ಪರೋಕ್ಷವಾಗಿಯೇ. ವಿಕಿರಣಕ್ಕೊಳಗಾದ ಇಲಿಗಳಿಗೆ ಚುಚ್ಚಿದ ಮಜ್ಜೆಯಿಂದ ಅವುಗಳ ಗುಲ್ಮದಲ್ಲಿ (ಸ್ಪ್ಲೀನ್) ಎದ್ದ ಗಂಟುಗಳನ್ನು ಎಣಿಸಿ ಕಂಡುಕೊಂಡರು. ನಮ್ಮ ಕಣ್ಣಿಗೆ ಬೀಳುವುದು ಅವುಗಳ ಮುಂದಿನ ಪೀಳಿಗೆ. ಕೆಂಪು ಕಣದ ಸಾಲಿನ ಮೊದಲ ದೊಡ್ಡ ಕೋಶ ಮೂರರಿಂದ ಐದು ಸಲ ವಿಭಜನೆಗೊಳ್ಳುತ್ತ, ಪ್ರತಿ ಸಲವೂ ಕಿರಿದಾಗುತ್ತ, ಹಿಮೋಗ್ಲೋಬಿನ್ ತುಂಬಿಕೊಳ್ಳುತ್ತ ಹೋಗುತ್ತದೆ; ಕೋಶಕೇಂದ್ರ ಬಿಗಿಯಾಗಿ ಮುದುಡಿ ಕೊನೆಗೆ ಹೊರದೂಡಲ್ಪಡುತ್ತದೆ. ಆರೋಗ್ಯವಂತರಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣಗಳು ಹೀಗೆ ತಯಾರಾಗುತ್ತವೆ. ಹಿಮೋಗ್ಲೋಬಿನ್ ತುಂಬಿದಂತೆಲ್ಲ ಕೋಶದ್ರವ್ಯದ ಬಣ್ಣ ನೀಲಿಯಿಂದ ಬೂದಿಗೆ, ಬೂದಿಯಿಂದ ನಸುಗೆಂಪಿಗೆ ತಿರುಗುವುದರಿಂದ, ಕೋಶದ ವಯಸ್ಸನ್ನು ಹೇಳುವುದು ಬಣ್ಣವೇ.

ಆ ಬಣ್ಣವನ್ನೇ ನಾನು ಅಂದು ಕೆಡಿಸಿದೆ. ಸ್ಲೈಡಿನ ಕೋಶಗಳು ಕಾಣುವಂತೆ ಹಾಕುವ ಲೀಷ್‌ಮನ್ ಬಣ್ಣಕ್ಕೆ ಬೆರೆಸುವ ಬಫರ್ ನೀರಿನ, ಅಂದರೆ ಆಮ್ಲ-ಕ್ಷಾರದ ಹದ ಕಾಯುವ ನೀರಿನ, ಪಿಎಚ್ 6.8 ಇರಬೇಕು. ಬಫರ್ ಮುಗಿದಿತ್ತು, ಅವಸರದಲ್ಲಿ ನಲ್ಲಿಯ ನೀರು ಹಿಡಿದೆ. ಅದು ಬೋರಿನ ನೀರು, ಪಾತ್ರೆಗೆ ಬಿಳಿಯ ಪೊರೆ ಕಟ್ಟುವ ಗಡಸು ನೀರು. ಕ್ಷಾರ ಹೆಚ್ಚಾದರೆ ಸ್ಲೈಡು ನೀಲಿಗಟ್ಟುತ್ತದೆ. ಸ್ಲೈಡಿಗೆ ಎಣ್ಣೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ತೆರೆದ ಕೋಶಕೇಂದ್ರವುಳ್ಳ ದಪ್ಪ ದಪ್ಪ ನೀಲಿ ಕೋಶಗಳು ಎಲ್ಲೆಲ್ಲೂ ಕಂಡವು. ಕ್ಯಾನ್ಸರಿನ ಎಳೆಯ ಕೋಶಗಳೂ ಸರಿಸುಮಾರು ಹಾಗೆಯೇ ಕಾಣುತ್ತವೆ. ನನ್ನ ಕೈ ತಣ್ಣಗಾಯಿತು.

ಪ್ರತಿ ಮಜ್ಜೆಗೂ ಮೂರು ಸ್ಲೈಡುಗಳನ್ನು ಬಣ್ಣ ಹಾಕದೆ ತೆಗೆದಿಡುವ ಅಭ್ಯಾಸವಿದ್ದದ್ದು ಅಂದು ಉಳಿಸಿತು. ಹೊಸ ಬಫರ್ ತಯಾರಿಸಿ, ಪಿಎಚ್ ಅಳೆದು, ಮತ್ತೆ ಬಣ್ಣ ಹಾಕಿದೆ. ಅದೇ ಕೋಶಗಳು ಈಗ ಬೇರೆಯೇ ಆಗಿ ಕಂಡವು. ಕೋಶದ್ರವ್ಯ ನಸುಗೆಂಪಾಗಿತ್ತು, ಎಂದರೆ ಹಿಮೋಗ್ಲೋಬಿನ್ ತುಂಬಿತ್ತು; ಆದರೆ ಮುದುಡಿರಬೇಕಾಗಿದ್ದ ಕೋಶಕೇಂದ್ರ ಮಾತ್ರ ಜರಡಿಯಂತೆ ತೆರೆದುಕೊಂಡು ಎಳೆಯದಾಗಿಯೇ ಉಳಿದಿತ್ತು. ಬಲಿಯುವ ಕೆಲಸ ಮುಂದೆ ಸಾಗಿತ್ತು, ಒಡೆಯುವ ಕೆಲಸ ಹಿಂದೆ ಬಿದ್ದಿತ್ತು. ರೋಗಶಾಸ್ತ್ರದ ವೈದ್ಯರು ಬಹಳ ಹೊತ್ತು ನೋಡಿ, ಇದು ಕ್ಯಾನ್ಸರ್ ಅಲ್ಲ, ಮೆಗಾಲೋಬ್ಲಾಸ್ಟಿಕ್ ರಕ್ತಹೀನತೆ ಎಂದರು. ರಕ್ತದ ಪರೀಕ್ಷೆಯಲ್ಲಿ ವಿಟಮಿನ್ ಬಿ12 ಕಡಿಮೆಯಿದ್ದುದೂ ಅದನ್ನೇ ಹೇಳಿತು.

ವಿಭಜನೆಗೆ ಮೊದಲು ಕೋಶ ತನ್ನ ಡಿಎನ್‌ಎಯನ್ನು ಇಮ್ಮಡಿಯಾಗಿಸಬೇಕು. ಅದಕ್ಕೆ ಬೇಕಾದ ಥೈಮಿಡಿನ್ ತಯಾರಾಗಲು ಬಿ12 ಮತ್ತು ಫೋಲಿಕ್ ಆಮ್ಲ ಎರಡೂ ಬೇಕು. ಹಿಮೋಗ್ಲೋಬಿನ್ ತಯಾರಿಕೆಯನ್ನು ನಡೆಸುವ ಆರ್‌ಎನ್‌ಎಗೆ ಥೈಮಿಡಿನ್ ಬೇಡವಾದ್ದರಿಂದ ಆ ತಯಾರಿಕೆ ನಿಲ್ಲುವುದಿಲ್ಲ. ಹೀಗೆ ಅರೆಬರೆಯಾದ ಕೋಶಗಳು ಬಹುಪಾಲು ಮಜ್ಜೆಯಲ್ಲೇ ಸಾಯುತ್ತವೆ. 1931ರಲ್ಲಿ ಲೂಸಿ ವಿಲ್ಸ್ ಎಂಬ ವೈದ್ಯೆ, ಮುಂಬೈಯ ಬಟ್ಟೆ ಗಿರಣಿಗಳ ಗರ್ಭಿಣಿಯರಲ್ಲಿ ಕಂಡ ಇಂಥದೇ ರಕ್ತಹೀನತೆ ಯೀಸ್ಟ್ ಸಾರದಿಂದ ಗುಣವಾಗುತ್ತದೆಂದು ಪ್ರಕಟಿಸಿದರು. ಆ ಸಾರದಲ್ಲಿದ್ದದ್ದು ಫೋಲಿಕ್ ಆಮ್ಲವೆಂದು ಆಮೇಲೆ ತಿಳಿಯಿತು. ಹತ್ತಿ ಗಿರಣಿಗಳ ಊರಿನಲ್ಲಿ, ಗಿರಣಿ ಕಾರ್ಮಿಕರ ಮನೆಯಲ್ಲಿ ಹುಟ್ಟಿದ ನನಗೆ ಇದನ್ನು ನೆನೆದಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ. ಬಿ12 ಕೊರತೆಯಿರುವವರಿಗೆ ಫೋಲಿಕ್ ಮಾತ್ರೆಯೊಂದನ್ನೇ ಕೊಡುವುದು ಮಾತ್ರ ತಪ್ಪು. ರಕ್ತ ಸುಧಾರಿಸಿದಂತೆ ಕಂಡರೂ ನರಗಳ ಹಾನಿ ಮುಂದುವರಿಯಬಹುದು.

ಹಿರಿಯರಿಗೆ ಬಿ12 ಚುಚ್ಚುಮದ್ದು ಆರಂಭವಾಯಿತು. ಆಗತಾನೇ ಮಜ್ಜೆಯಿಂದ ಹೊರಬಿದ್ದ ಎಳೆಯ ಕೆಂಪು ಕಣಗಳಾದ ರೆಟಿಕ್ಯುಲೋಸೈಟ್‌ಗಳನ್ನು ನಾನೇ ಎಣಿಸುತ್ತಿದ್ದೆ. ಮದ್ದಿಗೆ ಮುಂಚೆ 1,000 ಕೆಂಪು ಕಣಗಳಲ್ಲಿ ಅವು 8 ಇದ್ದವು. ಆರನೆಯ ದಿನ ಬೆಳಿಗ್ಗೆ ಎಣಿಸಿದೆ. ನಂಬಲಾರದೆ ಇನ್ನೊಂದು ಸ್ಲೈಡು ಮಾಡಿ ಮತ್ತೆ ಎಣಿಸಿದೆ. 140 ಇದ್ದವು, ಒಂದೊಂದರೊಳಗೂ ನೀಲಿಯ ಸಣ್ಣ ಬಲೆ ಸ್ಪಷ್ಟವಾಗಿ ಕಾಣುತ್ತಿತ್ತು.